ಒಂದು ಪಿಂಡ ಹೆಚ್ಚು: ನನ್ನ ಕಾದಂಬರಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪುಸ್ತಕ ಬಂದಾಗಿನಿಂದ ಫೋನಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರೆಲ್ಲ ಕೇಳಿದ್ದನ್ನೇ ಕೇಳುತ್ತಾರೆ. ಒಂದು ಕಡೆ ಬರೆದಿಟ್ಟರೆ ನನಗೂ ಆರಾಮ. ಕಥೆಯ ಗಂಟು ಬಿಚ್ಚುವ ಉತ್ತರ ಒಂದೇ ಒಂದಿದೆ, ಅಲ್ಲಿ ಮೊದಲೇ ಎಚ್ಚರಿಸಿದ್ದೇನೆ.

ಕಥೆ ಏನು? ಪೂರ್ತಿ ಹೇಳದೆ ಹೇಳಿ.

2024ರ ಪಿತೃಪಕ್ಷ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗಿ ಶಿರಸಿ ಹತ್ತಿರದ ತೋಟದ ಮನೆಗೆ ಬಂದಿದ್ದಾಳೆ. ಹೊರಗೆ ಮಹಾಲಯ ನಡೆಯುತ್ತಿದೆ. ಭಟ್ಟರು ಹಳೇ ನೋಟ್‌ಬುಕ್ ನೋಡಿಕೊಂಡು ಹೆಸರು ಓದುತ್ತಿದ್ದಾರೆ. ಸತ್ತವರ ಹೆಸರು, ಗೋತ್ರ, ಸಂಬಂಧ ಮೂರನ್ನೂ ಹೇಳಿ ಒಂದೊಂದೇ ಪಿಂಡ ಇಡಿಸಬೇಕು. ಅಡುಗೆಮನೆಯಲ್ಲಿ ವಡೆ ಕರಿಯುತ್ತಿದ್ದ ಇವಳ ಕಿವಿಗೆ ಎಂದೂ ಕೇಳದ ಹೆಂಗಸಿನ ಹೆಸರೊಂದು ಬೀಳುತ್ತದೆ. ಗೋತ್ರ ಮನೆಯದೇ. ಸಂಬಂಧ ಹೇಳುವಲ್ಲಿ ಭಟ್ಟರು ಸಣ್ಣಗೆ ಕೆಮ್ಮಿ ಮುಂದಿನ ಹೆಸರಿಗೆ ಹೋಗಿಬಿಡುತ್ತಾರೆ.

ಊಟವಾದ ಮೇಲೆ ದೊಡ್ಡಪ್ಪನ ಹತ್ತಿರ ಕೇಳುತ್ತಾಳೆ. "ಅದು ಮೊದ್ಲಿಂದ ಓದ್ಕಂಡು ಬಂದದ್ದು. ನಿಂಗೆ ಎಂತಕ್ಕೆ ಕೂಸೇ ಅದೆಲ್ಲ?" ಎಂದು ಅವರು ಕವಳದ ತಟ್ಟೆ ಎಳೆದುಕೊಳ್ಳುತ್ತಾರೆ. ಅಲ್ಲಿಂದ ಶುರು.

ಸಸ್ಪೆನ್ಸ್ ಅಂತ ಮುಖಪುಟದಲ್ಲಿ ಹಾಕಿದ್ದೀರಿ. ಒಂದು ಕೊಲೆಯೂ ಇಲ್ಲವಲ್ಲ?

ಇಲ್ಲ. ಪೊಲೀಸರೂ ಇಲ್ಲ, ರಾತ್ರಿ ಹೊತ್ತು ಕಿಟಕಿ ಬಡಿಯುವುದೂ ಇಲ್ಲ.

ನಮ್ಮ ಕಡೆಯವರಿಗೆ ಸಸ್ಪೆನ್ಸ್ ಎಂದರೇನು ಎಂದು ಬೇರೆಯವರು ಕಲಿಸಬೇಕಾಗಿಲ್ಲ. ಯಕ್ಷಗಾನಕ್ಕೆ ಹೋದವರಿಗೆ ಕೀಚಕ ಸಾಯುತ್ತಾನೆಂದು ಚೌಕಿಪೂಜೆಗೆ ಮೊದಲೇ ಗೊತ್ತಿರುತ್ತದೆ. ಆದರೂ ಕಂಬಳಿ ಹೊದ್ದು ಬೆಳಗಿನವರೆಗೆ ಕೂರುತ್ತಾರೆ. ಇವತ್ತಿನ ಕೀಚಕ ಸೈರಂಧ್ರಿಯ ಎದುರು ಏನು ಮಾತಾಡುತ್ತಾನೆ, ಎಲ್ಲಿ ತಡವರಿಸುತ್ತಾನೆ, ಅದು ನೋಡಬೇಕು. ನನ್ನ ಕಾದಂಬರಿಯಲ್ಲೂ ಹಾಗೆಯೇ. ಮನೆಯ ಹಿರಿಯರಿಗೆಲ್ಲ ವಿಷಯ ಗೊತ್ತು. ಊರಿನ ಅರ್ಧ ಜನಕ್ಕೂ ಗೊತ್ತು. ಮೊದಲು ಬಾಯಿಬಿಡುವವರು ಯಾರು ಎಂಬುದೊಂದೇ ಪ್ರಶ್ನೆ.

ಪರದೇಶದ ಕಾದಂಬರಿಗಳಲ್ಲಿ ಗುಟ್ಟು ನೆಲಮಾಳಿಗೆಯ ಪೆಟ್ಟಿಗೆಯಲ್ಲಿರುತ್ತದೆ. ನಮ್ಮ ಮನೆಗಳಿಗೆ ನೆಲಮಾಳಿಗೆಯೇ ಇಲ್ಲ. ಇರುವ ಅಟ್ಟದ ಮೇಲೆ ಹಳೇ ತಪ್ಪಲೆ, ಮುರಿದ ತೊಟ್ಟಿಲು, ಇಲಿ. ಗುಟ್ಟುಗಳೆಲ್ಲ ತಾಲೂಕು ಕಚೇರಿಯ ರಿಜಿಸ್ಟರಿನಲ್ಲಿ, ಭಟ್ಟರ ನೋಟ್‌ಬುಕ್ಕಿನಲ್ಲಿ ಚೊಕ್ಕ ಅಕ್ಷರದಲ್ಲಿ ಬರೆದಿವೆ. ತೆಗೆದು ಓದುವವರಿಲ್ಲ ಅಷ್ಟೆ.

ಇದು ನಿಮ್ಮದೇ ಮನೆಯ ಕಥೆಯಲ್ಲವೇ? ನಿಜ ಹೇಳಿ.

ಅಲ್ಲ. ಆದರೆ ಬೀಜ ನಮ್ಮ ಮನೆಯದು. ನನಗೆ ಹತ್ತು ವರ್ಷವಿದ್ದಾಗ ಪಕ್ಷದ ದಿನ ಬಾಳೆಲೆಯ ಮೇಲಿನ ಪಿಂಡ ಎಣಿಸಿದ್ದೆ. ನನಗೆ ಗೊತ್ತಿದ್ದ ಸತ್ತವರನ್ನೆಲ್ಲ ಬೆರಳು ಮಡಚಿ ಲೆಕ್ಕ ಹಾಕಿದರೂ ಒಂದು ಪಿಂಡ ಉಳಿಯಿತು. ಆಯಿಯ ಹತ್ತಿರ ಹೇಳಿದರೆ "ಹಂಗೆಲ್ಲ ಎಣಿಸಲಾಗ" ಎಂದು ಗದರಿಸಿ, ಕೈಗೊಂದು ಸುಕ್ಕಿನುಂಡೆ ಕೊಟ್ಟು ಕಳಿಸಿದಳು. ಅದು ಮದುವೆಯಾಗಿ, ಮಕ್ಕಳಾಗದೆ ತೀರಿಕೊಂಡ ಸೋದರತ್ತೆಯೊಬ್ಬಳ ಪಿಂಡ ಎಂದು ದೊಡ್ಡವಳಾದ ಮೇಲೆ ಗೊತ್ತಾಯಿತು. ಗುಟ್ಟೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಆ ನಿರಾಸೆಯಿಂದಲೇ ಕಾದಂಬರಿ ಬರೆದದ್ದು ಎಂದರೂ ತಪ್ಪಿಲ್ಲ.

ಕರನಿರಾಕರಣೆಯ ಭಾಗ ನಿಜವೋ, ಕಟ್ಟಿದ್ದೋ?

ಮನೆ ಕಟ್ಟಿದ್ದು, ಕಾಲ ನಿಜ.

1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದಾದ ಮೇಲೆ ಅಂಕೋಲಾ, ಸಿದ್ದಾಪುರ ತಾಲೂಕುಗಳಲ್ಲಿ ಕರನಿರಾಕರಣೆ ಹಬ್ಬಿತು. ಕರನಿರಾಕರಣೆಗೆ ಹೆಸರಾದ ಗುಜರಾತಿನ ಬಾರ್ಡೋಲಿಯ ನೆನಪಿನಲ್ಲಿ ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂದದ್ದು ಆ ಕಾಲದಲ್ಲಿ. ತೀರ್ವೆ, ಅಂದರೆ ಭೂಕಂದಾಯ, ಕಟ್ಟದವರ ಗದ್ದೆ, ತೋಟ, ದನ, ಪಾತ್ರೆ ಎಲ್ಲ ಜಪ್ತಿ. ಗಂಡಸರು ಬೆಳಗಾವಿಯ ಹಿಂಡಲಗಾ ಜೈಲಿಗೆ, ಹೆಂಗಸರು ಮಕ್ಕಳು ನೆಂಟರ ಜಗಲಿಗೆ. ಇಷ್ಟು ಪಾಠದ ಪುಸ್ತಕದಲ್ಲೂ ಸಿಗುತ್ತದೆ.

ನನಗೆ ಬೇಕಾದದ್ದು ಅದರ ಮುಂದಿನ ಪ್ರಶ್ನೆ. ಜಪ್ತಿಯಾದ ಜಮೀನನ್ನು ಸರ್ಕಾರ ಹರಾಜಿಗೆ ಹಾಕಿತಲ್ಲ, ಕೊಂಡವರು ಯಾರು? ಲಂಡನ್ನಿನಿಂದ ಯಾರೂ ಬಂದು ಕೊಳ್ಳಲಿಲ್ಲ. ಕೊಂಡವರಲ್ಲಿ ನಮ್ಮವರೂ ಇದ್ದರು. ಅಂಥವರ ಮನೆ ಮುಂದೆ ಹೆಂಗಸರು ಸತ್ಯಾಗ್ರಹ ಕೂತದ್ದು ಸಿದ್ದಾಪುರ ಸೀಮೆಯ ಇತಿಹಾಸ. ಮಾವಿನಗುಂಡಿಗೆ ಹೆಸರು ಬಂದದ್ದೇ ಅದರಿಂದ. ಆ ಹೆಂಗಸರ ಬಗ್ಗೆ ಮೊದಲ ಸಲ ಓದಿದ ರಾತ್ರಿ ನನಗೆ ಒಂದೇ ಯೋಚನೆ: ಹಾಗೆ ಕೂತವರಲ್ಲಿ ಒಬ್ಬಳಿಗೆ, ತಾನು ಯಾರ ಮನೆ ಮುಂದೆ ಕೂತಿದ್ದೇನೋ ಅವನಿಗೆ ದುಡ್ಡು ಕೊಟ್ಟು ಕೊಳ್ಳಿಸಿದವನು ತನ್ನ ಸ್ವಂತ ಮೈದುನ ಎಂದು ಗೊತ್ತಾದರೆ?

ಕಾದಂಬರಿ ನಿಂತಿರುವುದು ಆ ವಾಕ್ಯದ ಮೇಲೆ. ಅಣ್ಣ ಜೈಲಿನಲ್ಲಿ. ತಮ್ಮ ಬೇರೆಯವನ ಹೆಸರಿನಲ್ಲಿ ಅಣ್ಣನ ತೋಟ ಕೊಂಡಿದ್ದಾನೆ. ಅವನನ್ನು ನಾನು ಖಳನಾಯಕ ಮಾಡಿಲ್ಲ. "ಬೇರೆಯವರ ಪಾಲಾಗುವುದಕ್ಕಿಂತ ಮನೆಯಲ್ಲೇ ಉಳಿಯಲಿ ಅಂತ ಮಾಡಿದೆ" ಎನ್ನುತ್ತಾನೆ. ಓದುಗರಲ್ಲಿ ಅರ್ಧ ಜನ ಅವನ ಕಡೆಗಿದ್ದಾರೆ. ನನಗೂ ಕೆಲವು ದಿನ ಅವನು ಹೇಳುವುದು ಸರಿ ಎನ್ನಿಸುತ್ತದೆ.

ಸತ್ತವರು ಅರ್ಜಿ ಕೊಡುತ್ತಾರೆಯೇ? ಆ ಅಧ್ಯಾಯ ಅರ್ಥವಾಗಲಿಲ್ಲ.

ಪುಸ್ತಕ ಓದದವರು ಈ ಉತ್ತರ ಬಿಟ್ಟು ಮುಂದೆ ಹೋಗಿ.

1937ರಲ್ಲಿ ಮುಂಬೈ ಪ್ರಾಂತ್ಯದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂತು. 1938ರ ಕಾಯ್ದೆಯ ಪ್ರಕಾರ ಜಪ್ತಿಯಾದ ಜಮೀನು ಮೂಲ ಮಾಲೀಕರಿಗೆ ಮರಳುವ ದಾರಿಯಾಯಿತು. ಕಾದಂಬರಿಯ ಅಣ್ಣ ಅಷ್ಟರಲ್ಲಿ ತೀರಿಕೊಂಡಿದ್ದಾನೆ. ವಾರಸುದಾರರು ಯಾರೆಂದು ಕೇಳಿದಾಗ ಮನೆಯವರು ಬರೆಸಿದ್ದು: "ಮೃತನಿಗೆ ಹೆಂಡತಿ ಮಕ್ಕಳಿಲ್ಲ." ಕೆಳಗೆ ಮೂವರ ಸಹಿ. ಆ ವರ್ಷದ ಪಕ್ಷದಿಂದ ಅವನ ಹೆಂಡತಿಗೂ ಒಂದು ಪಿಂಡ. ಹೆಂಡತಿ ಇಲ್ಲವೆಂದು ಸರ್ಕಾರಕ್ಕೆ ಹೇಳಿಯಾಗಿದೆ, ದೇವರ ಎದುರು ಹೆಂಡತಿ ಎಂದು ಹೇಗೆ ಹೇಳುವುದು? ಅದಕ್ಕೇ ಸಂಬಂಧದ ಜಾಗ ಖಾಲಿ.

ಅವಳು ಸತ್ತಿರಲಿಲ್ಲ. ಅಘನಾಶಿನಿ ಹುಟ್ಟುವುದು ಶಿರಸಿಯ ಶಂಕರಹೊಂಡದಲ್ಲಿ, ಸಮುದ್ರ ಸೇರುವುದು ಕುಮಟಾ ತಾಲೂಕಿನಲ್ಲಿ. ಹೊಳೆ ಹೋದ ದಾರಿಯಲ್ಲೇ ಅವಳೂ ಇಳಿದು, ಉಪ್ಪುನೀರು ಹತ್ತುವ ಗಜನಿ ಬಯಲಿನಲ್ಲಿ ಗೇಣಿಗೆ ಕಗ್ಗ ಬೆಳೆದು ಬದುಕಿದಳು. ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುವ ಭತ್ತ ಅದು. ತೋಟದ ಮನೆಯ ಹೆಂಗಸಿಗೆ ಅದನ್ನು ಕಲಿಯಲು ಎಷ್ಟು ವರ್ಷ ಬೇಕಾಯಿತು ಎಂಬುದು ಇಡೀ ಒಂದು ಅಧ್ಯಾಯ.

1974ರ ಮಾರ್ಚ್ 1ರಿಂದ ಭೂಸುಧಾರಣೆ ತಿದ್ದುಪಡಿ ಬಂತಲ್ಲ, ಆಗ ಗೇಣಿದಾರರೆಲ್ಲ ತಾವು ಉಳುವ ಜಮೀನು ತಮ್ಮ ಹೆಸರಿಗಾಗಲಿ ಎಂದು ಫಾರಂ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟರು. ನಮ್ಮ ಕಡೆ "ಡಿಕ್ಲರೇಶನ್ ಕೊಡುವುದು" ಎಂದರೆ ಈಗಲೂ ಅದೇ. ಕೊನೆಯ ಗಡುವು 1979ರ ಜೂನ್ 30. ಆ ಅರ್ಜಿಗಳ ಕಟ್ಟಿನಲ್ಲಿ ನಮ್ಮ ಹುಡುಗಿಗೆ ಪಿಂಡದ ಹೆಸರೇ ಸಿಗುತ್ತದೆ. ಕೆಳಗೆ ಹೆಬ್ಬೆಟ್ಟು ಇರಬಹುದೆಂದು ನೋಡಿದರೆ ಸಹಿ, ಓರೆಕೋರೆಯಾದರೂ ಸಹಿ. ಪಿಂಡ ಇಡಲು ಶುರು ಮಾಡಿ 38 ವರ್ಷವಾಗಿತ್ತು. ಗಂಡನ ಹೆಸರಿನ ಮುಂದೆ ಅವಳು ಏನು ಬರೆಸಿದ್ದಳು ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ನಮ್ಮ ಮನೆಯಲ್ಲೂ ಇಂಥದ್ದೊಂದು ಇದೆ. ಎಲ್ಲಿಂದ ಹುಡುಕುವುದು?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು. ನಾನು ವಕೀಲಳಲ್ಲ, ಆದರೆ ಈ ಪುಸ್ತಕಕ್ಕಾಗಿ ಅಲೆದದ್ದರಿಂದ ಒಂದಿಷ್ಟು ಗೊತ್ತಾಗಿದೆ.

ಮೊದಲು ಮನುಷ್ಯರು, ಆಮೇಲೆ ಕಾಗದ. ಕಾಗದ ಕಾಯುತ್ತದೆ, ತೊಂಬತ್ತರ ಅಜ್ಜಿ ಕಾಯುವುದಿಲ್ಲ. ಎದುರು ಕೂತು "ಆಗ ಏನಾಯಿತು?" ಎಂದು ಮೊಬೈಲ್ ಹಿಡಿದರೆ ಯಾರೂ ಬಾಯಿ ಬಿಡುವುದಿಲ್ಲ. "ನಿಮ್ಮ ಮದುವೆಗೆ ಯಾರ್ಯಾರು ಬಂದಿದ್ದರು?" ಎಂದು ಕೇಳಿ. ಬಾರದವರ ಹೆಸರು ತಾನಾಗಿಯೇ ಬರುತ್ತದೆ, ಯಾಕೆ ಬರಲಿಲ್ಲ ಎಂಬುದೂ. ಇನ್ನೂ ಒಳ್ಳೆಯದೆಂದರೆ ಅಡಿಕೆ ಸುಲಿಯುವ ಹೊತ್ತು. ಮೆಟ್ಟುಗತ್ತಿಯ ಮೇಲೆ ಕೂತವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಕಣ್ಣೆಲ್ಲ ಅಡಿಕೆಯ ಮೇಲೆ. ಸಿಪ್ಪೆ ಬಿಡುವ ಸರಕ್ ಸರಕ್ ಶಬ್ದದ ನಡುವೆ ಒಂದು ಮಾತು ಬಿದ್ದರೆ ಯಾರು ಆಡಿದ್ದು ಎಂದು ತಿರುಗಿ ನೋಡುವವರೂ ಇಲ್ಲ. ಕಾದಂಬರಿಯಲ್ಲಿ ಗುಟ್ಟು ಒಡೆಯುವುದು ಅಲ್ಲೇ, ರಾತ್ರಿ ಹನ್ನೊಂದಕ್ಕೆ.

ಕಾಗದಕ್ಕೆ ಬಂದರೆ, ಪಹಣಿ ಎಲ್ಲರಿಗೂ ಗೊತ್ತು. ಅದರಲ್ಲಿ ಈಗಿನ ಹೆಸರು ಇರುತ್ತದೆ, ಕಥೆ ಇರುವುದಿಲ್ಲ. ಕಥೆ ಇರುವುದು ಮ್ಯುಟೇಶನ್ನಿನಲ್ಲಿ, ಅಂದರೆ ಹೆಸರು ಬದಲಾದಾಗ ಮಾಡುವ ನಮೂದಿನಲ್ಲಿ. ಮುಂಬೈ ಪ್ರಾಂತ್ಯದಲ್ಲಿ 1903ರ ಕಾಯ್ದೆಯಿಂದ ಹಕ್ಕುದಾಖಲೆ ಬಂದದ್ದರಿಂದ ನಮ್ಮ ಜಿಲ್ಲೆಯಲ್ಲಿ ಹಳೇ ನಮೂದು ಸಿಗುವ ಸಾಧ್ಯತೆ ಇದೆ. ಊರು, ಸರ್ವೆ ನಂಬರ್ ಬರೆದು ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ ನಕಲಿನ ಅರ್ಜಿ ಕೊಡಿ. ಹೆಸರು ಬದಲಾದದ್ದು ವಾರಸಿನಿಂದಲೋ, ಹಿಸ್ಸೆಯಿಂದಲೋ, ಖರೀದಿಯಿಂದಲೋ ಎಂದು ಒಂದೆರಡು ಸಾಲಿನಲ್ಲಿ ಬರೆದಿರುತ್ತಾರೆ. ಆ ಸಾಲನ್ನು ಮೂರು ಸಲ ಓದಿ. ಯಾರ ಹೆಸರು ಇದೆ ಎಂಬುದಕ್ಕಿಂತ ಯಾರ ಹೆಸರು ಇರಬೇಕಾಗಿತ್ತು ಎಂಬುದನ್ನು ನೋಡಿ.

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಪಾಲುಪಟ್ಟಿ, ದತ್ತಕ ಪತ್ರ, ಹಕ್ಕು ಬಿಟ್ಟ ಪತ್ರ ಸಿಗುತ್ತವೆ. ಹಕ್ಕು ಬಿಟ್ಟ ಪತ್ರ ನನ್ನ ಪ್ರೀತಿಯದು. "ಪ್ರೀತಿ ವಿಶ್ವಾಸದಿಂದ" ಬಿಟ್ಟೆ ಎಂದು ಅಕ್ಕತಂಗಿಯರಿಂದ ಬರೆಸಿಕೊಂಡಿರುತ್ತಾರೆ. ಆ ಪ್ರೀತಿ ಎಷ್ಟಿತ್ತು ಎಂದು ಅದೇ ತಿಂಗಳು ಹುಟ್ಟಿದ ಜಗಳಗಳನ್ನು ಕೇಳಿ ತಿಳಿಯಬೇಕು. 2005ರ ಸೆಪ್ಟೆಂಬರ್ 9ರಿಂದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂದ ಮೇಲೆ ಇಂಥ ಪತ್ರಗಳಿಗೆ ಬೆಲೆ ಬಂದಿದೆ. ವಂಶವೃಕ್ಷ ಮಾಡಿಸುವಾಗ ಗುಟ್ಟು ಹೊರಬಂದ ಮನೆಗಳೂ ಇವೆ. ಅಜ್ಜನಿಗೆ ಮಕ್ಕಳೆಷ್ಟು ಎಂದು ಕಾಗದದ ಮೇಲೆ ಬರೆಯಲೇಬೇಕಲ್ಲ!

ಇನ್ನೊಂದು ತೊಡಕಿದೆ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಹೋಯಿತು, 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಬಂತು. ಹೀಗಾಗಿ ಚಳವಳಿ ಕಾಲದ ಸರ್ಕಾರಿ ಕಡತ ಹುಡುಕುವವರು ಬೆಂಗಳೂರಿನ ಜೊತೆಗೆ ಮುಂಬೈಯನ್ನೂ ನೋಡಬೇಕು. ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿ ಮಹಾರಾಷ್ಟ್ರದ ಪತ್ರಾಗಾರವಿದೆ. ಕಾರವಾರ ಕಡೆಯ ಮನೆಗಳ ಹಳೇ ಪತ್ರ ಮರಾಠಿಯಲ್ಲಿದ್ದರೆ ಗಾಬರಿ ಬೇಡ. ಮರಾಠಿಯ ಹಳೇ ಮೋಡಿ ಲಿಪಿಯಾದರೆ ಓದುವವರನ್ನು ಹುಡುಕಬೇಕು, ಅದಕ್ಕೆ ಗಾಬರಿ ಆಗಬಹುದು.

ನನ್ನ ಅನುಭವ ಬೇಕೆಂದರೆ ಕೇಳಿ. ಒಂದು ಕಚೇರಿಯಲ್ಲಿ ಮೂರು ಸಲ "ಆ ವರ್ಷದ್ದು ಇಲ್ಲ, ಒರಲೆ ತಿಂದಿದೆ" ಎಂದು ಕಳಿಸಿದರು. ನಾಲ್ಕನೇ ಸಲ ಹೋದಾಗ ಸಿಪಾಯಿಯೊಬ್ಬರು, ಯಾರೂ ಕೇಳದೆಯೇ, ಬೇರೆ ತಾಲೂಕಿನ ಕಪಾಟಿನಿಂದ ಕೆಂಪು ಬಟ್ಟೆಯ ಗಂಟು ಇಳಿಸಿಕೊಟ್ಟರು. ಒರಲೆ ತಿಂದದ್ದು ನಿಜ, ಆದರೆ ಅಂಚು ಮಾತ್ರ.

ಮತ್ತೊಂದು ಮಾತು. ದಾಖಲೆ ಸಿಕ್ಕ ದಿನವೇ ಫೋಟೋ ಹೊಡೆದು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಒಬ್ಬ ಓದುಗರು ಹಾಕಿದರು. ಈಗ ಆ ಗ್ರೂಪಿನಲ್ಲಿ ಅವರೊಬ್ಬರೇ.

ಶಿರಸಿಯ ಕಥೆಗೆ ಕಾರವಾರ ಯಾಕೆ ಬಂತು? 2024ರ ಮಳೆಗಾಲವೇ ಯಾಕೆ?

ಜಿಲ್ಲಾ ಕಚೇರಿ ಇರುವುದು ಅಲ್ಲಿ, ಮತ್ತೆಲ್ಲಿಗೆ ಹೋಗಬೇಕು? ಘಟ್ಟದ ಮೇಲಿನವರಿಗೆ ಕಾರವಾರವೆಂದರೆ ಬೆಳಿಗ್ಗೆ ಹೋಗಿ ಸಹಿ ಹಾಕಿಸಿಕೊಂಡು ರಾತ್ರಿ ಬರುವ ಊರು. ನನ್ನ ಹುಡುಗಿ ದೇವಿಮನೆ ಘಟ್ಟ ಇಳಿದು, ಕುಮಟಾ ಅಂಕೋಲಾ ಮೇಲೆ ಬಸ್ಸಿನಲ್ಲಿ ಹೋಗುತ್ತಾಳೆ. ನಾಲ್ಕು ಸಲ ಹೋಗುತ್ತಾಳೆ, ನಾಲ್ಕು ಸಲವೂ ಸಾಹೇಬರು ಮೀಟಿಂಗಿನಲ್ಲಿ.

ಆ ವರ್ಷ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು, ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಬಸ್ಸಿನ ಕಿಟಕಿಯಿಂದ ಆ ಗುಡ್ಡದ ಕೆಂಪು ಗಾಯ ಕಾಣುವ ಒಂದು ಪ್ಯಾರಾ ಇದೆ, ಅಷ್ಟಕ್ಕೇ ನಿಲ್ಲಿಸಿದೆ. ಅದನ್ನು ಕಥೆಯ ತಿರುವಾಗಿ ಬಳಸಿ ಎಂದು ಇಬ್ಬರು ಸಲಹೆ ಕೊಟ್ಟಿದ್ದರು. ಅಲ್ಲಿ ಜೀವ ಕಳೆದುಕೊಂಡವರ ಮನೆಯವರು ಇದೇ ಜಿಲ್ಲೆಯಲ್ಲಿ ಇದ್ದಾರೆ. ನನ್ನಿಂದ ಆಗಲಿಲ್ಲ.

ತಪ್ಪು ಸಿಕ್ಕಿದರೆ ಎಲ್ಲಿ ತಿಳಿಸಬೇಕು?

ಹುಡುಕಿಕೊಂಡು ಬಂದು ತಿಳಿಸುತ್ತಾರೆ, ಚಿಂತೆಯಿಲ್ಲ. ದೊಡ್ಡ ತಪ್ಪೊಂದನ್ನು ಸದಾಶಿವಗಡದ ಹಿರಿಯರೊಬ್ಬರು ಹಿಡಿದರು. 1961ರಲ್ಲಿ, ಗೋವೆ ಇನ್ನೂ ಪೋರ್ತುಗೀಸರ ಕೈಯಲ್ಲಿದ್ದಾಗ, ಒಂದು ಪಾತ್ರ ಬಸ್ಸಿನಲ್ಲಿ ಕಾಳಿ ಸೇತುವೆ ದಾಟಿ ಗೋವೆ ಗಡಿಯ ಮಾಜಾಳಿಗೆ ಹೋಗುತ್ತದೆ ಎಂದು ಬರೆದಿದ್ದೆ. "ತಂಗಿ, ಆಗ ಸೇತುವೆ ಎಲ್ಲಿತ್ತು? ನಾವೆಲ್ಲ ದೋಣಿಯಲ್ಲಿ ದಾಟಿದವರು" ಎಂದರು. ಎರಡನೇ ಮುದ್ರಣದಲ್ಲಿ ಪಾತ್ರಕ್ಕೆ ದೋಣಿ ಹತ್ತಿಸಿದ್ದೇನೆ. ಅಧ್ಯಾಯ ಮೊದಲಿಗಿಂತ ಚೆನ್ನಾಗಿಯೇ ಆಗಿದೆ.

1932ರಲ್ಲಿ ಶಿರಸಿಯಲ್ಲಿ ಅಡಿಕೆ ಸೊಸೈಟಿ ಎಲ್ಲಿತ್ತು ಎಂದು ತಗಾದೆ ತೆಗೆದವರಿಗೆ: ತೋಟಗಾರರ ಸೇಲ್ ಸೊಸೈಟಿ ಶುರುವಾದದ್ದು 1923ರಲ್ಲಿ. ಅದು ಸರಿಯಾಗಿಯೇ ಇದೆ.

ಹವಿಗನ್ನಡದಲ್ಲೇ ಪೂರ್ತಿ ಬರೆಯಬಹುದಿತ್ತಲ್ಲ?

ಹವ್ಯಕರಾದ ನಮ್ಮ ಮನೆಮಾತದು. ಬರೆಯಬಹುದಿತ್ತು, ಬೀದರಿನವರು ಓದುತ್ತಿರಲಿಲ್ಲ. ಮಾತು ಮಾತ್ರ ಮನೆಯದು, ನಿರೂಪಣೆ ಎಲ್ಲರದು. ಗಜನಿಯ ಭಾಗದಲ್ಲಿ ಕರಾವಳಿಯ ಮಾತು ಬರುತ್ತದೆ, ಅದನ್ನು ಕುಮಟಾದ ಗೆಳತಿಯೊಬ್ಬಳು ಕೂತು ತಿದ್ದಿದಳು. ಒಂದು ಮಜಾ ಏನೆಂದರೆ, ಮನೆಬಿಟ್ಟ ಹೆಂಗಸು ನಲವತ್ತು ವರ್ಷ ಕರಾವಳಿಯವರಂತೆ ಮಾತಾಡಿ, ಸಿಟ್ಟು ಬಂದಾಗ ಮಾತ್ರ ಹವಿಗನ್ನಡಕ್ಕೆ ತಿರುಗುತ್ತಾಳೆ. ಅವಳು ಯಾರೆಂದು ಊರಿಗೆ ಗೊತ್ತಾಗುವುದೂ ಹಾಗೆಯೇ.

ಸಿನಿಮಾ ಆಗುತ್ತದೆಯೇ? ಎರಡನೇ ಭಾಗ ಬರುತ್ತದೆಯೇ?

ಎರಡಕ್ಕೂ ಇಲ್ಲ.

ಮನೆಯವರು ಏನಂದರು?

ಅಪ್ಪಯ್ಯ ಓದಿ ಎರಡು ಕಾಗುಣಿತದ ತಪ್ಪು ತೋರಿಸಿದರು. ಚಿಕ್ಕಪ್ಪ ಆರು ತಿಂಗಳು ಮಾತು ಬಿಟ್ಟಿದ್ದರು. ಮಾರಿಕಾಂಬಾ ಜಾತ್ರೆಯಲ್ಲಿ ಎದುರಾದಾಗ "ತಮ್ಮನ ಪಾತ್ರ ನನ್ನ ನೋಡಿ ಬರದ್ದಾ?" ಎಂದು ಕೇಳಿದರು. ಅಲ್ಲ ಎಂದೆ. ನಂಬಿದರೋ ಇಲ್ಲವೋ, ಬಳೆಗೆಂದು ಐನೂರು ರೂಪಾಯಿ ಕೊಟ್ಟರು.

ನಿಮ್ಮ ಮನೆಯ ಹೆಚ್ಚಿನ ಪಿಂಡ ಮದುವೆಯಾದ ಸೋದರತ್ತೆಯದು ಎಂದಿದ್ದೀರಿ. ಹಾಗಾದರೆ ಗೋತ್ರ ಯಾವುದು ಹೇಳುತ್ತಿದ್ದರು?

ಇದನ್ನು ಕೇಳಿದವರು ಹೊನ್ನಾವರ ಕಡೆಯ ವೈದಿಕರೊಬ್ಬರು. ಒಬ್ಬರೇ ಕೇಳಿದ್ದಾದರೂ ಇಲ್ಲಿ ಸೇರಿಸಿದ್ದೇನೆ, ಯಾಕೆಂದರೆ ಉಳಿದೆಲ್ಲ ಪ್ರಶ್ನೆಗಿಂತ ನನ್ನನ್ನು ಹೆಚ್ಚು ಕಾಡಿದ್ದು ಇದು. ಮದುವೆಯಾದ ಹೆಣ್ಣಿಗೆ ಗಂಡನ ಗೋತ್ರ. ನಾನು ಹತ್ತನೇ ವಯಸ್ಸಿನಲ್ಲಿ ಕೇಳಿದ್ದು, ಆಮೇಲೆ ಪ್ರತಿ ವರ್ಷ ಅಡುಗೆಮನೆಯಿಂದ ಕೇಳುತ್ತ ಬಂದದ್ದು ನಮ್ಮ ಮನೆಯ ಗೋತ್ರ. ಇಷ್ಟು ದೊಡ್ಡ ಪುಸ್ತಕ ಬರೆದವಳಿಗೆ ಅಷ್ಟು ಹೊಳೆದಿರಲಿಲ್ಲ.

ಆಯಿಗೆ ಫೋನ್ ಮಾಡಿದೆ. ಬಚ್ಚಲ ಒಲೆಗೆ ಬೆಂಕಿ ಮಾಡುತ್ತಿದ್ದಳು, ಊದುಗೊಳವೆಯ ಶಬ್ದ ಕೇಳಿಸುತ್ತಿತ್ತು. ಪ್ರಶ್ನೆ ಮುಗಿದ ಮೇಲೆ ಊದುವುದು ನಿಂತಿತು.

"ಫೋನಲ್ಲಿ ಬ್ಯಾಡ. ಈ ಸಲ ಪಕ್ಷಕ್ಕೆ ಬಾ, ಹೇಳ್ತಿ" ಎಂದಳು.